ಅಪ್‌ಡೇಟ್: ಕೊನೆಗೂ ವೈಫೈ 6 ರೌಟರ್ ತಗೊಂಡೆ

ಬದಿಯಡ್ಕ ಹತ್ತಿರದ ನಮ್ಮ ಮನೆಗೆ ವೈಫೈ 5 ಸಾಕಾ, 6 ಬೇಕಾ (ಅಂಕಿ ದೊಡ್ಡದಾದಷ್ಟೂ ಹೊಸ ಪೀಳಿಗೆ) ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

6 ತಗೊಳ್ಳಿ ಅಂತ ನೀವು ಹೇಳಿದ್ದೇ ಸರಿ. ರೌಟರ್ ಸಿಗ್ನಲ್ ಕಳಿಸುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಬ್ಯಾಂಡುಗಳಲ್ಲಿ. ವೈಫೈ 5ರ ಹೊಸತನವೆಲ್ಲ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ. 2.4ರಲ್ಲಿ ಅದೇ 2009ರ ವೈಫೈ 4. ನಮ್ಮದೋ ದಪ್ಪ ಮುರಕಲ್ಲಿನ ಗೋಡೆ. ಚಾವಡಿಯಿಂದ ಅಡಿಗೆಮನೆಗೆ ಮುಟ್ಟುವಷ್ಟರಲ್ಲೇ 5 ಗಿಗಾಹರ್ಟ್ಸ್ ಸುಸ್ತು, ಗೋಡೆ ದಾಟುವುದು 2.4ಕ್ಕೇ ಸುಲಭ.

ಹಾಗಾಗಿ 2.4ರಲ್ಲೂ ಹೊಸ ತಂತ್ರ ಇರುವ ವೈಫೈ 6 ಬೇಕಿತ್ತು. ಪೇಟೆಯ ಅಂಗಡಿಯವರು ಕಡಿಮೆ ಬೆಲೆಯ ಒಂದನ್ನು ತೋರಿಸಿದರು. ಡಬ್ಬದ ಮುಂದೆ ದೊಡ್ಡದಾಗಿ ‘6’. ಹಿಂದೆ ತಿರುಗಿಸಿದರೆ 2.4ರ ಸಾಲಿನಲ್ಲಿ ಬರೀ ‘ಎನ್’ (ಅಂದ್ರೆ ವೈಫೈ 4), ‘ಎಎಕ್ಸ್’ (ವೈಫೈ 6) ಇಲ್ಲವೇ ಇಲ್ಲ! ಅಂದ್ರೆ ಅರ್ಧ ಹಳತು. ಅದನ್ನು ಬಿಟ್ಟು, ಎರಡರಲ್ಲೂ ‘ಎಎಕ್ಸ್’ ಇರುವುದನ್ನೇ ತಂದೆ.

ಈಗ ಅಡಿಗೆಮನೆಯಲ್ಲಿ ವಿಡಿಯೋ ನಿಲ್ಲದೆ ಓಡುತ್ತದೆ. ಅಪ್ಪನ ಹಳೇ ಫೋನ್ ಸುಮ್ನೆ ಕನೆಕ್ಟ್ ಆಗುತ್ತದೆ, ಅದರ ಸ್ಪೀಡ್ ಮಾತ್ರ ಜಾಸ್ತಿ ಆಗಿಲ್ಲ. ಫೋನೇ ವೈಫೈ 4 ಅಲ್ವಾ, ರೌಟರ್ ಏನು ಮಾಡೀತು.

ಅಡಿಕೆ ಒಣಗಿಸುವ ಅಂಗಳಕ್ಕೆ ಇನ್ನೂ ಸಿಗ್ನಲ್ ಇಲ್ಲ. ಮಳೆ ಬಿಟ್ಟ ಮೇಲೆ ಕೇಬಲ್ ಎಳೆದು, ಹಳೇ ರೌಟರನ್ನೇ ಆಕ್ಸೆಸ್ ಪಾಯಿಂಟ್ (ಕೇಬಲಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹಂಚುವ ಪೆಟ್ಟಿಗೆ) ಮಾಡಿ ಅಲ್ಲಿಡುತ್ತೇನೆ.