ಪಿಟಿ ಬೇಡ ಅಂತ ಚೀಟಿ ಬರೆದುಕೊಡ್ತೀರಾ, ಡಾಕ್ಟರ್?

(ನಮ್ಮ ಪಾಲಕರ ಗುಂಪಿನಲ್ಲಿ ಈ ವಾರ ಉತ್ತರಿಸುತ್ತಿರುವವರು ರಾಯಚೂರಿನ ಒಬ್ಬ ಮಕ್ಕಳ ವೈದ್ಯೆ.)

ಸಿಂಧನೂರಿನ ತಾಯಿ: ನಮಸ್ಕಾರ ಮೇಡಂ. ಮಗಳು ಒಂಬತ್ತನೇ ತರಗತಿ. ಪಿಟಿ ಪಿರಿಯಡ್‌ನಲ್ಲಿ ಎರಡು ಸುತ್ತು ಓಡಿದರೆ ಸಾಕು, ಏದುಸಿರು ಬಿಡುತ್ತಾಳೆ. ಕಣ್ಣು ಮಂಜಾಗುತ್ತದೆ ಅಂತಾಳೆ. ಮನೆಯಲ್ಲೂ ಸದಾ ಸುಸ್ತು. ಪಿಟಿಯಿಂದ ಬಿಡುವು ಕೊಡಿ ಅಂತ ಒಂದು ಚೀಟಿ ಬರೆದುಕೊಡ್ತೀರಾ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ ಇದೆ.

ಡಾಕ್ಟರ್: ಅಕ್ಕಾ, ಚೀಟಿಗೂ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹೆಣ್ಣುಮಗಳು ಓಡಿದರೆ ಏದುಸಿರು, ಮನೆಯಲ್ಲಿ ಸುಸ್ತು ಅಂದರೆ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಮ್ಮ ಭಾಗದಲ್ಲಿ ಇದು ಬಹಳ ಸಾಮಾನ್ಯ. ರಕ್ತ ಕಡಿಮೆ ಇದ್ದರೆ ಓಡುವಾಗ ಬೇಕಾದಷ್ಟು ಆಮ್ಲಜನಕ ಕಾಲಿಗೂ ಮಿದುಳಿಗೂ ತಲುಪುವುದಿಲ್ಲ. ಆಗ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಓಟದಿಂದ ಈ ಕೊರತೆ ಬಂದಿಲ್ಲ, ಓಡಿದ್ದಕ್ಕೆ ಅದು ಗೊತ್ತಾಯಿತು ಅಷ್ಟೇ. ಮಗಳು ದಿನವಿಡೀ ಬೆಂಚಿನ ಮೇಲೆ ಕೂತೇ ಇದ್ದರೆ ನೀವು ಇನ್ನೂ ಎರಡು ವರ್ಷ "ಓದಿ ಓದಿ ಸುಸ್ತಾಗಿದೆ" ಅಂದುಕೊಂಡೇ ಇರುತ್ತಿದ್ದಿರಿ.

ಎರಡು ವಿಷಯ ಅವಳನ್ನೇ ಕೇಳಿ. ತಿಂಗಳ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ನಿಜವಾಗಿ ನುಂಗುತ್ತಿದ್ದಾಳಾ? ಹೊಟ್ಟೆ ತೊಳೆಸುತ್ತದೆ ಅಂತ ಎಷ್ಟೋ ಮಕ್ಕಳು ಅದನ್ನು ಬಾಯಿಗೇ ಹಾಕುವುದಿಲ್ಲ. ಬಿಸಿಯೂಟ ಆದ ಮೇಲೆ ನುಂಗಿದರೆ ಅಷ್ಟು ತೊಂದರೆ ಆಗುವುದಿಲ್ಲ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಊಟದ ಜೊತೆ ಚಹಾ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಅದು ಅಡ್ಡಿ. ಪಲ್ಲೆಗೆ ನಿಂಬೆಹಣ್ಣು ಹಿಂಡಿಕೊಡಿ.

ಓಡಿದ ಮೇಲೆ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನುವ ಸದ್ದು ಬಂದರೆ ಅದು ಅಸ್ತಮಾ ಇರಬಹುದು. ಅದಕ್ಕೂ ಔಷಧಿ ಇದೆ, ಆಟ ಬಿಡಿಸಬೇಕಾಗಿಲ್ಲ.

ಮಾನ್ವಿಯ ತಂದೆ: ಮೇಡಂ, ನಮ್ಮ ಹುಡುಗನ ಶಾಲೆಯಲ್ಲಿ ಪಿಟಿ ಪಿರಿಯಡ್ ಟೈಮ್ ಟೇಬಲ್‌ನಲ್ಲಿ ಮಾತ್ರ ಇದೆ. ಗಣಿತದ ಸರ್ ಬಂದು ಲೆಕ್ಕ ಮಾಡಿಸುತ್ತಾರೆ. 625ರಲ್ಲಿ ಪಿಟಿಗೆ ಒಂದು ಅಂಕವೂ ಇಲ್ಲ. ನನಗೂ ಇದೇ ಸರಿ ಅನಿಸುತ್ತದೆ. ತಪ್ಪಾ?

ಡಾಕ್ಟರ್: ಸರ್, ಅಂಕದ ಚಿಂತೆ ನನಗೂ ಅರ್ಥವಾಗುತ್ತದೆ. ಅದಕ್ಕೆ ಅಂಕದಿಂದಲೇ ಶುರು ಮಾಡುತ್ತೇನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಶಾಲೆಯ ಆಟ, ವ್ಯಾಯಾಮಕ್ಕೂ ಓದಿಗೂ ಇರುವ ನಂಟಿನ ಬಗ್ಗೆ ನಡೆದ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಆಟ, ವ್ಯಾಯಾಮಕ್ಕೆ ಸಮಯ ಕೊಟ್ಟಿದ್ದರಿಂದ ಓದಿನಲ್ಲಿ ಹಿಂದೆ ಬಿದ್ದದ್ದು ತೀರಾ ಅಪರೂಪ. ಸುಮಾರು ಅರ್ಧದಷ್ಟು ಕಡೆ ಲಾಭವೇ ಆಗಿತ್ತು, ಉಳಿದ ಕಡೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಂದರೆ ಆ ಪಿರಿಯಡ್ ಕಿತ್ತುಕೊಂಡು ನಿಮ್ಮ ಮಗನಿಗೆ ಗಳಿಸಿಕೊಟ್ಟದ್ದು ಏನೂ ಇಲ್ಲ.

ಕಳೆದುಕೊಂಡದ್ದು ಮಾತ್ರ ಇದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು, ವಾರದಲ್ಲಿ 3 ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವಂಥ ಓಟ, ಜಿಗಿತ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೂಳೆ ಗಟ್ಟಿಯಾಗುವ ಕೆಲಸ ಬಹುಪಾಲು ಇಪ್ಪತ್ತರ ಒಳಗೇ ಮುಗಿಯುತ್ತದೆ. ಆಮೇಲೆ ಜಿಮ್‌ಗೆ ಎಷ್ಟು ದುಡ್ಡು ಕಟ್ಟಿದರೂ ಆ ವಯಸ್ಸು ವಾಪಸ್ ಬರುವುದಿಲ್ಲ.

ಕಣ್ಣಿನ ವಿಷಯ ಬಹಳ ಪಾಲಕರಿಗೆ ಗೊತ್ತಿಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ಮೂರು ವರ್ಷ ಗಮನಿಸಿದರು. ಅರ್ಧ ಶಾಲೆಗಳಲ್ಲಿ ದಿನಾ 40 ನಿಮಿಷ ಹೊರಗೆ ಕಳೆಯುವ ತರಗತಿ ಸೇರಿಸಿದರು. ಉಳಿದ ಶಾಲೆಗಳಲ್ಲಿ ಎಂದಿನಂತೆ ಬಿಟ್ಟರು. ಎಂದಿನಂತೆ ಇದ್ದ ಮಕ್ಕಳಲ್ಲಿ 39.5% ಮಂದಿಗೆ ಹೊಸದಾಗಿ ದೂರದ ದೃಷ್ಟಿ ಮಂದವಾಯಿತು. ಹೊರಗೆ ಬಿಟ್ಟವರಲ್ಲಿ 30.4%. ಔಷಧಿ ಇಲ್ಲ, ಖರ್ಚು ಇಲ್ಲ, ಬರೀ ಹಗಲು ಬೆಳಕಿಗೆ ಬಂದದ್ದು! ಕನ್ನಡಕಕ್ಕೆ, ಮೊಬೈಲ್ ಕಡಿಮೆ ಮಾಡಿಸುವುದಕ್ಕೆ ಇಷ್ಟು ಒದ್ದಾಡುತ್ತೇವೆ. ಶಾಲೆಯ ಅಂಗಳದಲ್ಲೇ ಇರುವುದನ್ನು ನಾವೇ ಬಿಟ್ಟುಕೊಡುತ್ತೇವೆ ಅಂದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಮಾತು ಎತ್ತಿ. ಖಾಸಗಿಯಾದರೆ ಪಾಲಕರ ಸಭೆಯಲ್ಲಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಕೇಳಿ.

ಸಿಂಧನೂರಿನ ತಾಯಿ: ಮೇಡಂ, ರಿಪೋರ್ಟ್ ಬಂತು. 9.2 ಇದೆ. ಈಗಲಾದರೂ ಓಟ ಬಿಡಿಸಲಾ?

ಡಾಕ್ಟರ್: ಇದು ಮಧ್ಯಮ ಪ್ರಮಾಣದ ರಕ್ತಹೀನತೆ. ವಾರದ ನೀಲಿ ಮಾತ್ರೆ ಸಾಲದು, ದಿನಾ ಮಾತ್ರೆ ಬೇಕು, ಅದೂ ಮೂರು ತಿಂಗಳಾದರೂ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅವಳನ್ನೇ ಕರೆದುಕೊಂಡು ಹೋಗಿ, ಸುಮ್ನೆ ಅಂಗಡಿಯಿಂದ ತರಬೇಡಿ. ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಪೈಪೋಟಿಯ ಓಟ ಬೇಡ. ನಡಿಗೆ, ಥ್ರೋಬಾಲ್, ನಿಧಾನ ಹಗ್ಗದಾಟ ಸಾಕು, ಸುಸ್ತಾದಾಗ ಕೂರಲಿ. ಪಿಟಿ ಮೇಡಂಗೆ ಇದನ್ನು ಹೇಳಿಡಿ, ಬೇರೆ ಮಕ್ಕಳ ಮುಂದೆ ಮಾತ್ರ ಬೇಡ. 8ಕ್ಕಿಂತ ಕೆಳಗೆ ಇದ್ದಿದ್ದರೆ ನಾನೇ ಪೂರ್ತಿ ನಿಲ್ಲಿಸಿ ಅನ್ನುತ್ತಿದ್ದೆ.

ಲಿಂಗಸುಗೂರಿನ ರೈತ: ನಮ್ಮ ಮಕ್ಕಳು ಸೂಟಿಯಲ್ಲಿ ಹತ್ತಿ ಬಿಡಿಸುತ್ತಾರೆ, ಮೆಣಸಿನಕಾಯಿ ಹರಿಯುತ್ತಾರೆ. ಅದೇ ವ್ಯಾಯಾಮ ಆಯಿತಲ್ವಾ ಮೇಡಂ?

ಡಾಕ್ಟರ್: ಇಲ್ಲ ಅಣ್ಣಾ. ಅದು ದುಡಿಮೆ. ಗಂಟೆಗಟ್ಟಲೆ ಬಗ್ಗಿ ನಿಂತರೆ ಬೆನ್ನು ನೋಯುತ್ತದೆಯೇ ಹೊರತು ಎದೆಗೂಡಿಗೆ ಕಸುವು ಬರುವುದಿಲ್ಲ. ಔಷಧಿ ಹೊಡೆದ ಹೊಲವಾದರೆ ಅದು ಬೇರೆ ಅಪಾಯ. ಖೋ ಖೋದಲ್ಲಿ ಮಗು ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ತಿರುಗುತ್ತದೆ, ನಗುತ್ತದೆ. ದಣಿದಾಗ ಬಿಡುವ ಹಕ್ಕೂ ಇರುತ್ತದೆ. ಹೊಲದಲ್ಲಿ ಇದು ಯಾವುದೂ ಇಲ್ಲ.

ಕುಷ್ಟಗಿಯ ತಾಯಿ: ಮಗ ಆಡಿ ಬಂದರೆ ಕಾಲು ನೋವು ಅಂತಾನೆ. ನಾವು ಕುಡಿಯುವುದು ಬೋರ್ ನೀರು.

ಡಾಕ್ಟರ್: ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಗೆರೆ ಇದೆಯಾ ನೋಡಿ. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದು ಹಲ್ಲಿಗೆ ಕಲೆ ತರುತ್ತದೆ, ಮೂಳೆ, ಗಂಟುಗಳಿಗೂ ನೋವು ತರಬಹುದು. ನೀರು ಪರೀಕ್ಷೆ ಮಾಡಿಸಿ, ಶುದ್ಧ ನೀರಿನ ಘಟಕದಿಂದ ತಂದು ಕುಡಿಸಿ. ಗಂಟು ಊದಿದ್ದರೆ ಅಥವಾ ಕುಂಟುತ್ತಿದ್ದರೆ ತಡಮಾಡದೆ ತೋರಿಸಿ.

ಗಂಗಾವತಿಯ ದೈಹಿಕ ಶಿಕ್ಷಕ: ಮೇಡಂ, ನಮ್ಮ ಕಷ್ಟವನ್ನೂ ಕೇಳಿ. ಒಂದು ಪಿರಿಯಡ್‌ಗೆ 70 ಮಕ್ಕಳು, ಒಂದೇ ಚೆಂಡು. ನಾಲ್ಕು ಗುಂಪು ಮಾಡಿ ಖೋ ಖೋ, ಕಬಡ್ಡಿ, ಲಗೋರಿ, ಹಗ್ಗದಾಟ ಅಂತ ಹಂಚಿ ಹೇಗೋ ಎಲ್ಲರನ್ನೂ ಆಡಿಸುತ್ತೇನೆ. ಆದರೆ ಮಾರ್ಚ್ ಬಂದರೆ ಮಧ್ಯಾಹ್ನದ ಪಿರಿಯಡ್‌ನಲ್ಲಿ ನೆಲವೇ ಸುಡುತ್ತದೆ.

ಡಾಕ್ಟರ್: ಸರ್, ನೀವು ಮಾಡುತ್ತಿರುವುದು ದೊಡ್ಡ ಕೆಲಸ. ಬಿಸಿಲಿಗೆ ಪಿಟಿ ರದ್ದು ಮಾಡುವುದು ಬೇಡ, ಹೊತ್ತು ಬದಲಿಸಿ. ಫೆಬ್ರವರಿ ಕೊನೆಯಿಂದ ಬೆಳಗಿನ ಮೊದಲೆರಡು ಪಿರಿಯಡ್ ಕೊಡಿ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿ. ಅದಾಗದಿದ್ದರೆ ಬೇವಿನ ನೆರಳಲ್ಲಿ ಯೋಗ, ಕುಂಟೆಬಿಲ್ಲೆ. ಆಟಕ್ಕೂ ಮುಂಚೆ ನೀರು, ನಡುವೆ ನೀರು. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ಬೆಳಗ್ಗೆ ಏನೂ ತಿನ್ನದೆ ಬಂದ ಮಗುವನ್ನು ಓಡಿಸಬೇಡಿ.

ತಲೆಸುತ್ತು, ತಲೆನೋವು, ವಾಂತಿ ಶುರುವಾದರೆ ನೆರಳಿಗೆ ಕರೆತಂದು ಮೈಗೆ ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಕೊಡಿ. ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. ಮೈ ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡಿ. ಇನ್ನೊಂದು ಮಾತು. ಓಡುತ್ತಾ ಓಡುತ್ತಾ ಇರುವಾಗಲೇ ಕುಸಿದು ಬಿದ್ದ ಮಗು, ಓಡುವಾಗ ಎದೆ ನೋವು ಅಂದ ಮಗು, ಇವರಿಬ್ಬರನ್ನು ಹೃದಯ ಪರೀಕ್ಷೆ ಆಗುವವರೆಗೆ ಮತ್ತೆ ಮೈದಾನಕ್ಕೆ ಇಳಿಸಬೇಡಿ. ಮರುದಿನ ಚೆನ್ನಾಗಿದ್ದೇನೆ ಅಂದರೂ ಬೇಡ. ಅಂಥ ಮಕ್ಕಳಿಗೆ ಚೀಟಿ ನಾನೇ ಬರೆದುಕೊಡುತ್ತೇನೆ.