ದೊಡ್ಡಪ್ಪನ ಪ್ರಶ್ನೆಗೆ ಉತ್ತರ: ಮಲೆನಾಡಿನಲ್ಲಿ ನಿಂತು ಮಳೆ ಸುರಿಸುವುದೇಕೆ

ದೊಡ್ಡಪ್ಪ, ನಮಸ್ಕಾರ. ತಂಗಿ ಈ ಗುಂಪಿನಲ್ಲಿ ಹಾಕಿದ್ದ ನಮ್ಮ ಚಿತ್ರೀಕರಣದ ತುಣುಕನ್ನು ನೋಡಿ ನೀವು ಎರಡು ಪ್ರಶ್ನೆ ಕೇಳಿದ್ದಿರಿ. ಆಗುಂಬೆಯ ಮಗ್ಗುಲಲ್ಲೇ ಇದ್ದುಕೊಂಡು ಮಾಡಿನ ಮೇಲೆ ಪೈಪ್ ಹಿಡಿದು ಮಳೆ ಸುರಿಸುವುದೇಕೆ, ತಾಯಿ ಮಗ ಜಗುಲಿಯಲ್ಲಿ ಕುಳಿತು ನಾಲ್ಕು ಮಾತಾಡುವುದಕ್ಕೆ ಬೆಳಗಿನಿಂದ ಸಂಜೆಯವರೆಗೆ ಏಕೆ ಬೇಕು ಎಂದು. ಮುಂದಿನ ಶೆಡ್ಯೂಲಿಗೆ ಹೊಸನಗರದ ನಮ್ಮ ಹಳೆಯ ಮನೆಯನ್ನೇ ಬಳಸಿಕೊಳ್ಳಬಹುದೆಂದೂ ಪ್ರೀತಿಯಿಂದ ಹೇಳಿದ್ದೀರಿ. ಮನೆ ಕೊಡುವವರಿಗೆ ಕೆಲಸದ ಸ್ವರೂಪ ಮೊದಲೇ ತಿಳಿದಿರಬೇಕು ಎಂಬ ಕಾರಣಕ್ಕೆ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ. ಬಿಡುವಾದಾಗ ಕೇಳಿ, ದೊಡ್ಡಮ್ಮನಿಗೂ ಕೇಳಿಸಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ ಎನ್ನುವುದು ನಿಜ. ಆದರೆ ಕಣ್ಣಿಗೆ ಕಾಣುವ ಮಳೆಯೆಲ್ಲ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹನಿಯ ಹಿಂದಿನಿಂದ ಬೆಳಕು ಬೀಳಬೇಕು, ಅದರ ಆಚೆಗೆ ಒದ್ದೆಯಾದ ಮರದ ಕಾಂಡವೋ ತೆರೆದ ಬಾಗಿಲಿನೊಳಗಿನ ಕತ್ತಲೆಯೋ ಕಪ್ಪಗೆ ನಿಂತಿರಬೇಕು. ಹಾಗಿಲ್ಲದೆ ಬಿಳಿಯ ಆಕಾಶಕ್ಕೆ ಎದುರಾಗಿ ಚಿತ್ರಿಸಿದರೆ, ಛತ್ರಿ ಮುರಿಯುವಂತಹ ಮಳೆಯೂ ಪರದೆಯ ಮೇಲೆ ಬರೀ ಮಂಕಾಗಿ ಕಾಣುತ್ತದೆ. ಜಿಟಿಜಿಟಿ ಮಳೆಯಂತೂ ಕಾಣುವುದೇ ಇಲ್ಲ.

ಪೈಪಿಗೆ ಇನ್ನೂ ದೊಡ್ಡ ಕಾರಣವಿದೆ. ನೀವು ನೋಡಿದ ಜಗುಲಿಯ ಮಾತುಕತೆ ಕಥೆಯಲ್ಲಿ ಹತ್ತೇ ನಿಮಿಷದ ಸಂಗತಿ. ಆದರೆ ನಮ್ಮ ಬಳಿ ಇರುವುದು ಒಂದೇ ಕ್ಯಾಮೆರಾ. ಇಡೀ ಜಗುಲಿ ಕಾಣುವ ಶಾಟ್ ಮೊದಲು, ಆಮೇಲೆ ತಾಯಿಯ ಮುಖ, ಆಮೇಲೆ ಮಗನ ಮುಖ, ಕೊನೆಗೆ ಕೈಯಲ್ಲಿನ ಕಾಫಿ ಲೋಟ. ಹೀಗೆ ಪ್ರತಿ ಸಲವೂ ದೀಪವನ್ನೂ ಕ್ಯಾಮೆರಾವನ್ನೂ ಸರಿಸಿ ಅದೇ ಮಾತುಗಳನ್ನು ಮತ್ತೆ ಆಡಿಸಬೇಕು. ಮೊದಲ ಶಾಟಿನಲ್ಲಿ ಸೂರಿನಿಂದ ನೀರು ಹಗ್ಗದಂತೆ ಇಳಿಯುತ್ತಿತ್ತು. ಮಧ್ಯಾಹ್ನ ಮಗನ ಮುಖಕ್ಕೆ ಬರುವ ಹೊತ್ತಿಗೆ ಮಳೆ ನಿಂತು, ಹಂಚಿನ ಅಂಚಿನಲ್ಲಿ ಬಿಡಿಬಿಡಿ ಹನಿಗಳಷ್ಟೇ ಉಳಿದಿದ್ದವು. ಈ ಎರಡನ್ನೂ ಒಟ್ಟಿಗೆ ಜೋಡಿಸಿದರೆ ತಾಯಿಯ ಮಾತಿಗೆ ಮಳೆ, ಮಗನ ಉತ್ತರಕ್ಕೆ ಹೊಳವು ಎಂದಾಗುತ್ತದೆ, ನೋಡುವವರ ಮನಸ್ಸು ಅಲ್ಲಿಯೇ ಕಥೆಯಿಂದ ಆಚೆ ಬೀಳುತ್ತದೆ. ಆದ್ದರಿಂದ ಆ ಮನೆಯ ಹುಡುಗರು ಮಾಡಿನ ನೆತ್ತಿಯ ಹತ್ತಿರ ಪೈಪ್ ಇಟ್ಟು ಹಂಚಿನ ಮೇಲೆ ನೀರು ಹರಿಸಿದರು. ಅಂಗಳದಲ್ಲಿ ಬೀಳುವ ಮಳೆಗೆ ಅಡಿಕೆ ತೋಟದ ಸ್ಪ್ರಿಂಕ್ಲರ್ ಜೆಟ್ಟನ್ನೇ ಕಂಬಕ್ಕೆ ಕಟ್ಟಿದೆವು. ಮೋಟಾರಿಗೆ ತ್ರೀ ಫೇಸ್ ವಿದ್ಯುತ್ ಇರುವ ಹೊತ್ತಿಗೆ ತಕ್ಕಂತೆ ಮಳೆಯ ಶಾಟುಗಳನ್ನು ಹೊಂದಿಸಿಕೊಳ್ಳಬೇಕಾಯಿತು. ಪೇಟೆಯಿಂದ ಮಳೆ ಯಂತ್ರವನ್ನೂ ಟ್ಯಾಂಕರನ್ನೂ ತರಿಸುವಷ್ಟು ಹಣ ನಮ್ಮಂತಹ ಚಿಕ್ಕ ತಂಡಕ್ಕಿಲ್ಲ, ತಂದರೂ ಆ ಏರುದಾರಿಯಲ್ಲಿ ಟ್ಯಾಂಕರ್ ಬರುವುದಿಲ್ಲ.

ನೋಟದ ಹೊಂದಾಣಿಕೆಗಾದರೂ ಇಂತಹ ಉಪಾಯಗಳಿವೆ. ಧ್ವನಿಯ ಹೊಂದಾಣಿಕೆಯೇ ನಿಜವಾದ ಪರೀಕ್ಷೆ. ನಾವು ಸಂಭಾಷಣೆಯನ್ನು ಸ್ಥಳದಲ್ಲೇ ಧ್ವನಿಮುದ್ರಿಸಿಕೊಳ್ಳುತ್ತೇವೆ, ಅಂದರೆ ಸಿಂಕ್ ಸೌಂಡ್. ಡಬ್ಬಿಂಗ್ ಮಾಡಿದರೆ ಇಷ್ಟೆಲ್ಲ ತೊಂದರೆ ಇಲ್ಲವಲ್ಲ ಎಂದು ಚಿಕ್ಕಪ್ಪ ಹಿಂದೆಯೇ ಕೇಳಿದ್ದರು. ಮಳೆಯ ಸದ್ದಿನ ನಡುವೆ ಮಾತು ಕೇಳಿಸಲೆಂದು ಮನುಷ್ಯ ತುಸು ಮುಂದಕ್ಕೆ ಬಾಗಿ ದನಿ ಏರಿಸುವ ರೀತಿ ಬೆಂಗಳೂರಿನ ಸ್ಟುಡಿಯೋದ ಕೋಣೆಯಲ್ಲಿ ಮರಳಿ ಬರುವುದಿಲ್ಲ ಎನ್ನುವುದು ನನ್ನ ದೃಢವಾದ ನಂಬಿಕೆ. ನಮ್ಮ ನಟರಲ್ಲಿ ಕೆಲವರು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ನಾಟಕ ಕಲಿತವರು. ಕೊನೆಯ ಸಾಲಿನ ಪ್ರೇಕ್ಷಕರಿಗೂ ಮುಟ್ಟುವಂತೆ ಮಾತಾಡಿ ಅಭ್ಯಾಸವಿರುವ ಅವರು, ಅಂಗಿಯೊಳಗೆ ಎದೆಯ ಮೇಲೆಯೇ ಮೈಕ್ ಇದೆ ಎಂದು ತಿಳಿದ ಮೇಲೆ ಪಿಸುಮಾತಿಗೆ ಇಳಿದದ್ದನ್ನು ನೀವು ಕೇಳಬೇಕು, ದೊಡ್ಡಪ್ಪ. ಆ ಒಂದು ದನಿಗಾಗಿ ಎಷ್ಟು ಕಾದರೂ ನನಗೆ ಬೇಸರವಿಲ್ಲ.

ಕಾಯುವುದಂತೂ ತಪ್ಪುವುದಿಲ್ಲ. ಜೋರು ಮಳೆ ಬಂದರೆ ಬಚ್ಚಲಿನ ತಗಡಿನ ಮಾಡು ಬಡಿಯುತ್ತದೆ. ಅದರ ಮೇಲೆ ಹಳೆಯ ಗೋಣಿಚೀಲ ಹಾಸಿ ಸದ್ದು ತಗ್ಗಿಸುತ್ತೇವೆ. ಮಳೆ ಹೊಳವಾದರೆ ನಮಗೆ ನಿಶ್ಶಬ್ದ ಸಿಕ್ಕಿತು ಎನ್ನುವಷ್ಟರಲ್ಲಿ ಅಕ್ಕಪಕ್ಕದ ತೋಟದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಯಂತ್ರ ಶುರುವಾಗುತ್ತದೆ. ಇದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ಪುನರ್ವಸು, ಪುಷ್ಯ ಮಳೆಗಳ ನಡುವೆ ಸಿಗುವ ಒಂದು ಹೊಳವಿನಲ್ಲಿ ಔಷಧಿ ಹೊಡೆಯದಿದ್ದರೆ ಕೊಳೆ ರೋಗಕ್ಕೆ ವರ್ಷದ ಫಸಲೇ ಹೋಗುತ್ತದೆ. ಅವರಿಗೂ ನಮಗೂ ಬೇಕಾದದ್ದು ಅದೇ ಎರಡು ಗಂಟೆ. ಆ ಹೊತ್ತಿನಲ್ಲಿ ಯಂತ್ರ ನಿಲ್ಲಿಸಿ ಎಂದು ಕೇಳುವ ಹಕ್ಕು ಯಾವ ಸಿನಿಮಾಕ್ಕೂ ಇಲ್ಲ ಎಂದು ನಾನು ತಂಡದವರಿಗೆ ಖಚಿತವಾಗಿ ಹೇಳಿದ್ದೇನೆ. ಆಗ ಮಾತಿಲ್ಲದ ಶಾಟುಗಳನ್ನು ಚಿತ್ರಿಸುತ್ತೇವೆ, ಸಂಜೆ ಯಂತ್ರ ನಿಂತ ಮೇಲೆ ಮಾತಿಗೆ ಮರಳುತ್ತೇವೆ. ಆ ಹೊತ್ತಿಗೆ ಕಪ್ಪೆಗಳ ಕೂಗು ಏಳುತ್ತದೆ, ಹೊರಗಿನ ಬೆಳಕೂ ಇಳಿದಿರುತ್ತದೆ. ಇಡೀ ದಿನಕ್ಕೆ ಒಂದೇ ಮಾತುಕತೆ ಆಗುವುದು ಹೀಗೆ. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರೂ ಅಲುಗಾಡದೆ ನಿಂತು ಆ ಜಾಗದ ಬರಿಯ ಸದ್ದನ್ನೂ ಒಂದು ನಿಮಿಷ ದಾಖಲಿಸಿಕೊಳ್ಳುತ್ತೇವೆ. ಸಂಕಲನದಲ್ಲಿ ಮಾತು ಮಾತಿನ ನಡುವಿನ ಸಂದುಗಳನ್ನು ತುಂಬುವುದು ಅದೇ.

ಉಳಿದವು ಚಿಕ್ಕ ತಾಪತ್ರಯಗಳು. ತಣ್ಣಗಿನ ಜಗುಲಿಯಿಂದ ಬಚ್ಚಲೊಲೆಯ ಹತ್ತಿರಕ್ಕೆ ಕ್ಯಾಮೆರಾ ಒಯ್ದರೆ ಲೆನ್ಸ್ ಮೇಲೆ ಆವಿ ಕೂರುತ್ತದೆ, ಆದ್ದರಿಂದ ಅದನ್ನು ಚೀಲದಲ್ಲಿ ಮುಚ್ಚಿ ಮುಂಚಿತವಾಗಿಯೇ ಒಳಗಿಡಬೇಕು. ರಾತ್ರಿ ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಮನೆಯ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಆ ಮಿನುಗು ಪರದೆಯ ಮೇಲೆ ಕಾಣದಂತೆ, ಸೆಕೆಂಡಿಗೆ 24 ಚಿತ್ರ ತೆಗೆಯುವ ಕ್ಯಾಮೆರಾದ ಷಟರನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಕಾಲಿಗೆ ಹತ್ತುವ ಇಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಸಾಕು.

ಇನ್ನು ಮನೆಯ ವಿಷಯ. ಜಗುಲಿಯೂ ನಡುಮನೆಯೂ ನಮ್ಮ ಕಥೆಗೆ ಹೇಳಿ ಮಾಡಿಸಿದಂತಿವೆ, ಆದರೆ ದಯವಿಟ್ಟು ಪ್ರೀತಿಯಿಂದ ಮಾತ್ರ ಒಪ್ಪಬೇಡಿ. ಒಂದು ದೃಶ್ಯ ಮುಗಿಯುವ ತನಕ ಮಣೆ, ಚೊಂಬು, ಗೋಡೆಯ ಕ್ಯಾಲೆಂಡರ್ ಎಲ್ಲವೂ ಇದ್ದಲ್ಲಿಯೇ ಇರಬೇಕಾಗುತ್ತದೆ. ಟೇಕ್ ನಡೆಯುವಾಗ ದೊಡ್ಡಮ್ಮ ಒಗ್ಗರಣೆ ಹಾಕುವಂತಿಲ್ಲ, ಮಿಕ್ಸಿ ತಿರುಗಿಸುವಂತಿಲ್ಲ. ಆದರೆ ಹಾಲು ಕರೆಯುವ ಹೊತ್ತಿಗೂ ದೇವರ ಪೂಜೆಗೂ ನಾವು ಅಡ್ಡ ಬರುವುದಿಲ್ಲ, ಆ ಹೊತ್ತನ್ನು ಬಿಟ್ಟೇ ವೇಳಾಪಟ್ಟಿ ಬರೆಯುತ್ತೇವೆ. ಯೂನಿಟ್ಟಿನ ಊಟ ತಿಂಡಿ ಹೊರಗಿನಿಂದ ಬರುತ್ತದೆ, ಅಡುಗೆಮನೆಯ ಮೇಲೆ ಆ ಭಾರ ಬೀಳುವುದಿಲ್ಲ. ಬಾಡಿಗೆಯನ್ನು ನೀವು ಬೇಡವೆಂದರೂ ಕೊಡುತ್ತೇವೆ. ನೆಂಟರ ಮನೆಯೆಂದು ಬಿಟ್ಟಿಯಾಗಿ ಬಳಸುವುದು ನನಗೆ ಸರಿ ಎನಿಸುವುದಿಲ್ಲ. ಕೊಯ್ಲು ಶುರುವಾದರೆ ಅಂಗಳವೂ ಒಲೆಯೂ ಸುಲಿಯುವವರಿಗೆ ಬೇಕಾಗುತ್ತವೆ, ಆದ್ದರಿಂದ ಅದಕ್ಕಿಂತ ಮೊದಲೇ ಮುಗಿಸಬೇಕು. ದೊಡ್ಡಮ್ಮನನ್ನು ಕೇಳಿ, ಅವರಿಗೆ ಒಪ್ಪಿಗೆಯಾದರೆ ಮಾತ್ರ ಒಂದು ದಿನ ಹೇಳಿ. ಧ್ವನಿಗ್ರಾಹಕರನ್ನು ಕರೆದುಕೊಂಡು ಬರುತ್ತೇನೆ, ಜಗುಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾವ ಯಾವ ಸದ್ದು ಬರುತ್ತದೆ ಎಂದು ಅವರು ಮೊದಲು ಕುಳಿತು ಕೇಳಬೇಕಾಗಿದೆ.