ಆಸ್ಪತ್ರೆ ಕೂಲರ್‌ನ ಆರ್‌ಓ ನೀರು ಪೇಷಂಟ್‌ಗೆ ಕೊಡಬಹುದಾ?

ಮಾಲೂರು_ರೋಡ್: ಅಪ್ಪಂಗೆ ಬೆಂಗಳೂರಲ್ಲಿ ಕೀಮೋ ಆಯ್ತು, ಬಿಳಿ ರಕ್ತಕಣ ಕಮ್ಮಿಯಾಗಿ ಜ್ವರ ಬಂತು ಅಂತ ಈಗ ಕೋಲಾರದಲ್ಲೇ ಅಡ್ಮಿಟ್ ಮಾಡಿದೀವಿ. ವಾರ್ಡ್ ಹೊರಗೆ ಸ್ಟೀಲ್ ಕೂಲರ್ ಐತೆ, ಆರ್‌ಓ ಅಂತ ಬೋರ್ಡ್ ಹಾಕವ್ರೆ, ಎಲ್ರೂ ಬಾಟ್ಲಿ ಬಾಯಿ ನಲ್ಲಿಗೆ ಒತ್ತಿ ಹಿಡಿದು ತುಂಬ್ಕೋತಾರೆ. ಪಕ್ಕದ ಬೆಡ್‌ನೋರ ಅಟೆಂಡರ್‌ಗೆ ನಿನ್ನೆಯಿಂದ ವಾಂತಿ ಭೇದಿ, ನೀರಿಂದಾನೋ ಹೋಟ್ಲು ಚಟ್ನಿಯಿಂದಾನೋ ದೇವರಿಗೇ ಗೊತ್ತು. ಊರಲ್ಲಿ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬ್ಸೋದು ನಾವು, ಅದನ್ನೇ ತಂದ್ಕೊಡ್ಲಾ, ಇಲ್ಲ ಸೀಲ್ ಬಾಟ್ಲಿನೇ ತಗೋಬೇಕಾ? ದಿನಾ ಬಾಟ್ಲಿ ಅಂದ್ರೆ ಕಷ್ಟ.

ಟೊಮೇಟೊ_ಮಂಡಿ: ಏನೂ ಆಗಲ್ಲ ಗುರು. ನಾವೆಲ್ಲ ಬೋರ್‌ವೆಲ್ ನೀರು ಕುಡ್ಕೊಂಡೇ ಬೆಳ್ದಿರೋದು. ಆರ್‌ಓಲಿ ಫ್ಲೋರೈಡೇ ಹೋಗುತ್ತೆ, ಬ್ಯಾಕ್ಟೀರಿಯಾ ಯಾವ ಲೆಕ್ಕ.

ನೈಟ್_ಡ್ಯೂಟಿ: ಅಣ್ಣ ಹಂಗನ್ಬೇಡಿ, ನಾನು ಸ್ಟಾಫ್ ನರ್ಸ್. ಬೋರ್ ನೀರು ಕುಡ್ಕೊಂಡು ಬೆಳ್ದೋರ ಹಲ್ಲು ನಮ್ ಜಿಲ್ಲೇಲಿ ಫ್ಲೋರೈಡಿಂದ ಹೆಂಗೆ ಕಲೆ ಕಟ್ಟೈತೆ ಅಂತ ನೋಡಿಲ್ವಾ? ಲೀಟರ್‌ಗೆ 1.5 ಮಿಲಿಗ್ರಾಂ ಮೇಲೆ ಫ್ಲೋರೈಡ್ ಇರಬಾರ್ದು, ಅದಕ್ಕೇ ಈ ಘಟಕಗಳು ಬಂದಿರೋದು. ಆರ್‌ಓ ಒಳಗಿರೋ ಮೆಂಬ್ರೇನ್, ಅಂದ್ರೆ ನೀರು ಸೋಸೋ ಪದರ, ಚೆನ್ನಾಗಿದ್ರೆ ಕ್ರಿಮಿನೂ ತಡೆಯುತ್ತೆ, ಒಪ್ತೀನಿ, ಆದ್ರೆ ಅದನ್ನ ದಾಟಿ ಬಂದ ನೀರಲ್ಲಿ ಕ್ಲೋರಿನ್ ಉಳಿದಿರಲ್ಲ, ಆಮೇಲೆ ಕೂಲರ್ ಟ್ಯಾಂಕಲ್ಲೋ ನಲ್ಲಿ ಬಾಯಲ್ಲೋ ತೊಳೀದಿರೋ ಕ್ಯಾನಲ್ಲೋ ಏನಾದ್ರೂ ಸೇರ್ಕೊಂಡ್ರೆ ಆರಾಮಾಗಿ ಬೆಳ್ಕೊಂಡು ಕೂತಿರುತ್ತೆ.

ಮಾಲೂರು ಅವ್ರೇ, ಘಟಕದ ನೀರೇ ಸಾಕು, ಆದ್ರೆ ಕುದಿಸಿ. ಉಗುರು ಬೆಚ್ಚಗೆ ಅಲ್ಲ, ಕೊತಕೊತ ಕುದಿ ಬಂದ್ಮೇಲೂ ಒಂದು ನಿಮಿಷ ಬಿಟ್ಟು, ಮುಚ್ಚಿ ಆರಿಸಿ, ತೊಳ್ದಿರೋ ಫ್ಲಾಸ್ಕ್‌ಗೆ ಹಾಕಿ. ಬರೀ ಬೋರ್ ನೀರು ಕುದಿಸಿದ್ರೆ ಕ್ರಿಮಿ ಸಾಯುತ್ತೆ ಅಷ್ಟೇ, ಫ್ಲೋರೈಡ್ ಹಂಗೇ ಉಳಿಯುತ್ತೆ.

ಇನ್ನೊಂದು, ಇದು ಯಾರೂ ಹೇಳಲ್ಲ. ವಾರ್ಡ್ ಸಿಂಕು, ನಲ್ಲಿ ಒಳಗೆ ಸ್ಯೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಲೋಳೆ ಕಟ್ಕೊಂಡು ಇರಬಹುದು, ಗಟ್ಟಿಮುಟ್ಟಾಗಿರೋರಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಬಿಳಿ ರಕ್ತಕಣದ ಕೌಂಟ್ ಕಮ್ಮಿ ಇರೋರಿಗೆ ಡೇಂಜರ್. ಬಾಯಿ ಮುಕ್ಕಳಿಸೋಕೂ ಕುದಿಸಿದ ನೀರೇ ಕೊಡಿ. ಆಕ್ಸಿಜನ್ ಹಾಕಿದ್ರೆ ಗುಳ್ಳೆ ಬರೋ ಬಾಟ್ಲಿ ಇರುತ್ತಲ್ಲ, ಅದಕ್ಕೆ ಸ್ಟೆರೈಲ್ ನೀರೇ ಆಗ್ಬೇಕು. ಖಾಲಿ ಆಯ್ತು ಅಂತ ಅಟೆಂಡರ್‌ಗಳು ಪಾಪ ಸಹಾಯ ಮಾಡೋಣ ಅಂತ ನಲ್ಲಿ ನೀರು ತುಂಬಿಸ್ಬಿಡ್ತಾರೆ, ಬೈಯೋಕೂ ಮನಸ್ಸಾಗಲ್ಲ.

ನೀರಗಂಟಿ_ಮಗ: ಅಕ್ಕ ಹೇಳಿದ್ದು ಸರಿ. ಕ್ಯಾನ್ ಒಳಗೆ ಟಾರ್ಚ್ ಬಿಟ್ಟು ನೋಡಿ, ತಳದಲ್ಲಿ ಹಸಿರು ಪಾಚಿ ಇದ್ರೆ ಘಟಕಕ್ಕೆ ಬೈದು ಪ್ರಯೋಜನ ಇಲ್ಲ. ಡೌಟ್ ಇದ್ರೆ ಪಂಚಾಯ್ತಿಲಿ ಕೇಳಿ, ಎಚ್‌ಟುಎಸ್ ಬಾಟ್ಲಿ ಅಂತ ಸಿಗುತ್ತೆ, ನೀರು ತುಂಬಿ ಒಂದೆರಡು ದಿನ ಇಟ್ರೆ ಕೊಳಕು ಸೇರಿರೋ ನೀರು ಕಪ್ಪಾಗುತ್ತೆ.

ಮಾಲೂರು_ರೋಡ್: ಥ್ಯಾಂಕ್ಸ್ ಅಕ್ಕ. ವಾರ್ಡಲ್ಲಿ ಕೆಟಲ್ ಬಿಡಲ್ಲ, ಅಮ್ಮ ಬೆಳಿಗ್ಗೆ ಬಸ್ಸಲ್ಲಿ ಬರುವಾಗ ಕುದಿಸ್ಕೊಂಡು ತರ್ತಾರೆ. ಪಕ್ಕದ ಬೆಡ್‌ನೋರಿಗೆ ಏನ್ ಹೇಳ್ಲಿ? ಓಆರ್‌ಎಸ್ ಅರ್ಧ ಗ್ಲಾಸ್‌ಗೆ ಒಂದಿಡೀ ಪ್ಯಾಕೆಟ್ ಸುರ್ಕೊಂಡು ಕುಡೀತಾವ್ರೆ.

ನೈಟ್_ಡ್ಯೂಟಿ: ಅಯ್ಯೋ, ಹಂಗೆ ಕುಡಿದ್ರೆ ಉಪ್ಪು ಜಾಸ್ತಿಯಾಗಿ ಇನ್ನೂ ಕೆಡುತ್ತೆ! ದೊಡ್ಡ ಪ್ಯಾಕೆಟ್ ಒಂದು ಲೀಟರ್‌ಗೆ, ಪ್ಯಾಕೆಟ್ ಮೇಲೇ ಬರ್ದಿರುತ್ತೆ ನೋಡೋಕೆ ಹೇಳಿ. ಕೈ ಸೋಪಲ್ಲೇ ತೊಳೀಲಿ, ಭೇದಿ ತರೋ ಕೆಲವು ವೈರಸ್‌ಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ. ಅಪ್ಪನ ಬೆಡ್ ಹತ್ರ ಅವ್ರು ಬರ್ದಂಗೆ ನೋಡ್ಕೊಳ್ಳಿ. ವಾರ್ಡ್ ಸಿಸ್ಟರ್‌ಗೂ ಇವತ್ತೇ ಹೇಳ್ಬಿಡಿ, ಇನ್ನೂ ಒಬ್ಬಿಬ್ರಿಗೆ ಹಿಂಗೇ ಆಗಿದ್ರೆ ಕೂಲರ್ ನೀರು ಕಲ್ಚರ್‌ಗೆ, ಅಂದ್ರೆ ಲ್ಯಾಬಲ್ಲಿ ಕ್ರಿಮಿ ಬೆಳೆಸಿ ನೋಡೋ ಟೆಸ್ಟ್‌ಗೆ, ಕಳಿಸ್ಬೇಕಾಗುತ್ತೆ.